ಹಳೇ ಕಬ್ಬಿಣದ ಮಂಚ ಅಂದರೆ ಆಸ್ಪತ್ರೆ ಮಂಚವಲ್ಲ

"ತೋಟದ ಮನೆಗಳಲ್ಲಿರುವ ಹಳೇ ಕಬ್ಬಿಣದ ಮಂಚಗಳೆಲ್ಲ ಬ್ರಿಟಿಷರ ಕಾಲದ ಆಸ್ಪತ್ರೆ, ಜೈಲುಗಳವು. ಮನೆಯಲ್ಲಿ ಇಡಬಾರದು, ಗುಜರಿಗೆ ಹಾಕಿ" ಎಂಬ ವಾಟ್ಸಾಪ್ ಸಂದೇಶ ಚಿಕ್ಕಮಗಳೂರು, ಮೂಡಿಗೆರೆ ಕಡೆ ಓಡಾಡುತ್ತಿದೆ. ಇದು ತಪ್ಪು. ದಯವಿಟ್ಟು ಇದನ್ನು ನಂಬಿ ಮಂಚ ಮಾರಬೇಡಿ.

ಆಸ್ಪತ್ರೆಗಳಲ್ಲಿ ಕಬ್ಬಿಣದ ಮಂಚ ಇದ್ದದ್ದು ನಿಜ. ಆದರೆ 19ನೇ ಶತಮಾನದ ಇಂಗ್ಲೆಂಡಿನಲ್ಲಿ ಅನುಕೂಲಸ್ಥರ ಮನೆಗಳಲ್ಲೂ ಇವು ಇದ್ದವು. ಮುಖ್ಯ ಕಾರಣ ತಿಗಣೆ. ಮರದ ಸಂದಿಗೆ ಸೇರಿದ ತಿಗಣೆ ಸುಮ್ನೆ ಹೋಗಲ್ಲ ಅಲ್ವಾ? ಕಬ್ಬಿಣವಾದರೆ ಒರೆಸಿ ಶುಚಿ ಮಾಡಬಹುದು. ಬರ್ಮಿಂಗ್‌ಹ್ಯಾಮ್ ಈ ಮಂಚಗಳಿಗೆ ಹೆಸರಾದ ಊರು. 1851ರ ಲಂಡನ್ ಮಹಾ ಪ್ರದರ್ಶನದಲ್ಲೂ ಲೋಹದ ಮಂಚಗಳಿದ್ದವು.

ನಮ್ಮಜ್ಜಿಯ ಮಂಚವನ್ನೇ ನೋಡಿ. ಸರಳುಗಳು ಕೂಡುವಲ್ಲೆಲ್ಲ ಒಂದೊಂದು ಹೂವು. ಅದು ಆಮೇಲೆ ಅಂಟಿಸಿದ್ದಲ್ಲ. ಸರಳುಗಳ ಸುತ್ತ ಅಚ್ಚು ಕಟ್ಟಿ, ಕರಗಿದ ಕಬ್ಬಿಣ ಹೊಯ್ದು ಮಾಡಿದ್ದು. ಹೂವೇ ಬೆಸುಗೆ! ಪಕ್ಕದ ಪಟ್ಟಿಗೆ ನಟ್ಟು ಬೋಲ್ಟು ಇಲ್ಲ. ಬೆಣೆಯಂಥ ತುದಿ ಕಾಲಿನ ಗೂಡಿಗೆ ಇಳಿದು ಕೂರುತ್ತದೆ, ಭಾರ ಬಿದ್ದಷ್ಟೂ ಬಿಗಿಯಾಗುತ್ತದೆ. ತೆಳು ಸರಳುಗಳ ನಡುವೆ ಬೆಳಕು ಹಾಯುವುದರಿಂದ ಚಿಕ್ಕ ಕೋಣೆಯೂ ತುಂಬಿಹೋದಂತೆ ಕಾಣುವುದಿಲ್ಲ. ಕೆಂಪು ನೆಲ, ಸುಣ್ಣದ ಗೋಡೆಗೆ ಇದಕ್ಕಿಂತ ಚೆಂದದ ಮಂಚ ನಾನು ಕಂಡಿಲ್ಲ.

ಎಚ್ಚರ ವಹಿಸಬೇಕಾದ್ದು ಬಣ್ಣದ ವಿಷಯದಲ್ಲಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಜ್ಜಬೇಡಿ, ಒದ್ದೆ ಮಾಡಿ ಉಜ್ಜಿ. ಮಕ್ಕಳು ಹತ್ತಿರ ಬರದಿರಲಿ. ಮಲೆನಾಡಿನ ಮಳೆಗಾಲಕ್ಕೆ ತುಕ್ಕು ಜಾಸ್ತಿ, ಹಾಗಾಗಿ ಮೊದಲು ರೆಡ್ ಆಕ್ಸೈಡ್ ಹೊಡೆದು, ಆಮೇಲೆ ಬಣ್ಣ ಹಚ್ಚಿ.