ಗಂಡಭೇರುಂಡದ ತಲೆ ಎಣಿಸಿದವರು

ಗಂಡಭೇರುಂಡಕ್ಕೆ ಎರಡೇ ತಲೆ ಎಂದು ನಂಬಿಕೊಂಡವರು ಚಿತ್ರಕಲಾ ಪ್ರದರ್ಶನದ ಉದ್ಘಾಟನೆಗೆ ಹೋಗಬಾರದು. ಬೆಂಗಳೂರಿನ ಗ್ಯಾಲರಿಯೊಂದರಲ್ಲಿ ತೂಗುಹಾಕಿದ್ದ ಮಿಶ್ರಮಾಧ್ಯಮದ ಕೊಲಾಜ್ ಮುಂದೆ ಆ ಸಂಜೆ ಸೇರಿದ್ದ ತಲೆಗಳೆಲ್ಲ ತಮ್ಮನ್ನು ಆ ಹಕ್ಕಿಗೆ ಅಂಟಿಸಿಕೊಂಡವು.

ಕೃತಿಯಲ್ಲಿ ಇದ್ದದ್ದು ಇಷ್ಟು. ಪ್ಲೈವುಡ್ ಹಲಗೆಯ ಮೇಲೆ ಹಕ್ಕಿ. ಕೊಕ್ಕಿಗೆ ತುಕ್ಕು ಹಿಡಿದ ಕತ್ತರಿಯ ಅಲಗು, ಕಣ್ಣಿಗೆ ಕೋಟಿನ ಗುಂಡಿ, ಬಾಲಕ್ಕೆ ಹಳೆಯ ಮೈಸೂರು ರೇಷ್ಮೆ ಸೀರೆಯ ಜರಿಯಂಚು. ರೆಕ್ಕೆಯ ಗರಿಗಳೆಲ್ಲ ಕತ್ತರಿಸಿದ ಸರ್ಕಾರಿ ಪತ್ರಗಳು. ಒಂದೊಂದು ಗರಿಯ ನೆತ್ತಿಯಲ್ಲೂ ರಾಜ್ಯ ಲಾಂಛನದ ಪುಟ್ಟ ಗಂಡಭೇರುಂಡ, ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ತಮ್ಮ ಅರ್ಜಿ ಪರಿಶೀಲನೆಯಲ್ಲಿದೆ’.

ಅಷ್ಟು ಹತ್ತಿರ ಹೋಗಿ ಓದುವ ವ್ಯವಧಾನ ಯಾರಿಗಿತ್ತು? ಎಲ್ಲರೂ ಪಕ್ಕದ ಗೋಡೆಯ ಟಿಪ್ಪಣಿಗೆ ಮುಗಿಬಿದ್ದಿದ್ದರು. ‘ದ್ವಂದ್ವಾತ್ಮಕ ಅಸ್ಮಿತೆಯ ವಿಘಟಿತ ಪಠ್ಯೀಕರಣ’ ಎಂದು ಹೊರಟ ವಾಕ್ಯ ನಾಲ್ಕು ಸಾಲು ಅಲೆದು, ಕ್ರಿಯಾಪದ ಸಿಗದೆ ಅಲ್ಲೇ ಕುಸಿದಿತ್ತು. ವಿಮರ್ಶಕರೊಬ್ಬರಿಗೆ ತುಕ್ಕಿನಲ್ಲಿ ವಸಾಹತುಶಾಹಿ ಕಂಡಿತು. ಇನ್ನೊಬ್ಬರಿಗೆ ಗುಂಡಿಯಲ್ಲಿ ಬೌದ್ಧರ ಶೂನ್ಯ. ಗುಂಡಿಗೆ ನಾಲ್ಕು ತೂತು ಇದ್ದುದರಿಂದ ನಾಲ್ಕು ಆರ್ಯಸತ್ಯಗಳೂ ಜೊತೆಗೇ ದಕ್ಕಿದವು. ಅಂಟು ಬಿಟ್ಟ ಗರಿಯೊಂದು ಫ್ಯಾನಿನ ಗಾಳಿಗೆ ಪಟಪಟ ಎನ್ನುತ್ತಿತ್ತು. ‘ಪ್ರಜಾಪ್ರಭುತ್ವದ ತಲ್ಲಣ’ ಎಂದು ಮೂರನೆಯವರು ನಿಟ್ಟುಸಿರಿಟ್ಟರು. ಮುಖ್ಯ ಅತಿಥಿಗಳಾಗಿದ್ದ ಸಚಿವರಂತೂ, ಒಂದು ತಲೆ ಹೈಕಮಾಂಡ್, ಇನ್ನೊಂದು ತಾವು ಎಂದು ಸರಳವಾಗಿ ಬಗೆಹರಿಸಿದರು. ಎರಡಕ್ಕೂ ಹೊಟ್ಟೆ ಒಂದೇ ಎಂಬ ವಿಷಯವನ್ನು ಮಾತ್ರ ಎತ್ತಲಿಲ್ಲ.

ಪಾಪ, ಹಿಂದಿನವರಿಗೆ ಈ ಸೌಕರ್ಯ ಇರಲಿಲ್ಲ. ಬೇಲೂರಿನ ಶಿಲ್ಪಿ ಜಿಂಕೆಯನ್ನು ಹೆಬ್ಬಾವಿಗೆ, ಹೆಬ್ಬಾವನ್ನು ಆನೆಗೆ, ಆನೆಯನ್ನು ಸಿಂಹಕ್ಕೆ, ಸಿಂಹವನ್ನು ಶರಭಕ್ಕೆ, ಶರಭವನ್ನು ಗಂಡಭೇರುಂಡಕ್ಕೆ ಒಪ್ಪಿಸಿ ಸುಮ್ಮನಾದ. ವಿಜಯನಗರದ ಅಚ್ಯುತದೇವರಾಯ ಆನೆಗಳನ್ನು ಕೊಕ್ಕಿನಲ್ಲೂ ಉಗುರಿನಲ್ಲೂ ಹಿಡಿದ ಹಕ್ಕಿಯನ್ನು ಚಿನ್ನದ ನಾಣ್ಯಕ್ಕೆ ಹಾಕಿಸಿದ. ಈ ದೊರೆಯ ತಂಟೆಗೆ ಹೋಗಬಾರದೆಂದು ತಿಳಿಯಲು ಪೇಟೆಯ ವ್ಯಾಪಾರಿಗೆ ಟಿಪ್ಪಣಿ ಬೇಕಾಗಿತ್ತೇ?

ಕಡೆಗೆ ಮೂಲೆಯಲ್ಲಿ ನಿಂತಿದ್ದ ಕಲಾವಿದರನ್ನೇ ಕೇಳಿದೆ. ‘ಮನೆಯ ಖಾತೆ ಬದಲಾವಣೆಗೆ ಅರ್ಜಿ ಹಾಕಿದ್ದೆ ಸಾರ್. ಉತ್ತರಗಳು ರಾಶಿ ಬಿದ್ದಿದ್ದವು. ಬಣ್ಣವೂ ದುಬಾರಿ’ ಎಂದರು. ಕಲಾವಿಮರ್ಶೆಯ ಮಟ್ಟಕ್ಕೆ ಇದು ತೀರಾ ಅಸಭ್ಯ ಉತ್ತರವಾದ್ದರಿಂದ ಯಾರೂ ಬರೆದುಕೊಳ್ಳಲಿಲ್ಲ. ಟಿಪ್ಪಣಿ ಬರೆದವರು ಮಾತ್ರ ‘ಪರಿಶೀಲನೆ’ಯನ್ನು ಆತ್ಮಾವಲೋಕನ ಎಂದು ತಿದ್ದಿಕೊಟ್ಟರು.

ಸಚಿವರು ಕೃತಿಯನ್ನು ಮೆಚ್ಚಿ, ತಮ್ಮ ಕಚೇರಿಗೇ ಖರೀದಿಸಲು ಅಪ್ಪಣೆ ಮಾಡಿದರು. ಚಪ್ಪಾಳೆ ಬಿತ್ತು. ಅವರ ಆಪ್ತ ಕಾರ್ಯದರ್ಶಿ ಕಲಾವಿದರನ್ನು ಪಕ್ಕಕ್ಕೆ ಕರೆದು, ಮೂರು ಪ್ರತಿಗಳಲ್ಲಿ ಅರ್ಜಿ ಕೊಡಿ ಎಂದರು.

ಅದಕ್ಕೂ ಉತ್ತರಗಳು ಬರತೊಡಗಿವೆಯಂತೆ. ಕಲಾವಿದರು ಈಗ ಶರಭಕ್ಕೆ ಕೈಹಾಕಿದ್ದಾರೆ. ಅದಕ್ಕೆ ಎಂಟು ಕಾಲು, ಕಾಗದ ಹೆಚ್ಚು ಬೇಕು.