ಚುಂಚು ಸುಡುವ ಮುನ್ನ ಗೂಡಿನ ಕಡೆ ನೋಡಿ

ನಮ್ಮ ಹಿತ್ತಲ ಕೋಳಿಗಳ ಪುರಾಣವನ್ನು ಇಲ್ಲಿ ಓದಿ ಬೇಸತ್ತಿರುವ ಗೆಳೆಯರ ಕ್ಷಮೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ನಿನ್ನೆ ಹಾವೇರಿಯ ಹತ್ತಿರ ಬೀಗರ ಮನೆಯಲ್ಲಿ ಕಂಡದ್ದು ಇನ್ನೂ ತಲೆಯಿಂದ ಇಳಿದಿಲ್ಲ. ಮಾಳಿಗೆಯ ಮೇಲೆ ತಂತಿ ಜಾಳಿಗೆಯ ಗೂಡು, ಕೆಳಗೆ ಬರಿಯ ಸಿಮೆಂಟು, ಮೇಲೆ ರಾತ್ರಿಯಿಡೀ ಉರಿಯುವ ಬಲ್ಬು, ಒಳಗೆ ಒಂದು ರೆಕ್ಕೆ ಬಿಚ್ಚಿದರೆ ಇನ್ನೊಂದಕ್ಕೆ ಬಡಿಯುವಷ್ಟು ಒತ್ತಾಗಿ ತುಂಬಿದ ಗಿರಿರಾಜ ತಳಿಯ ಹೇಂಟೆಗಳು. ಒಂದರ ಬಾಲದ ಬುಡ ಪೂರ್ತಿ ಬೋಳಾಗಿ, ಆಗಷ್ಟೇ ಮೂಡುತ್ತಿದ್ದ ಪುಕ್ಕದ ಎಳೆಯ ಕಡ್ಡಿ ಮುರಿದು ರಕ್ತ ಜಿನುಗುತ್ತಿತ್ತು. ಹಿಂದೆ ನಿಂತಿದ್ದ ಹೇಂಟೆ ಅಲ್ಲಿಗೇ ಗುರಿಯಿಟ್ಟು ಕುಕ್ಕಿ, ಕಿತ್ತ ಪುಕ್ಕವನ್ನು ಶಾವಿಗೆಯಂತೆ ನುಂಗಿತು. "ಭಾಳ ಸೊಕ್ಕಿನ ಜಾತಿ ಅದಾವ್ರೀ ಇವು, ನಾಳೆ ಚುಂಚು ಸುಡಸ್ತೀನಿ" ಎಂದು ಬೀಗರು ನಕ್ಕರು. ಸುಡುವುದೆಂದರೆ ಕುಕ್ಕದಿರಲೆಂದು ಚುಂಚಿನ ತುದಿಯನ್ನು ಕಾದ ಬ್ಲೇಡಿನಿಂದ ಕತ್ತರಿಸಿ ಹಾಕುವುದು. ಬೀಗತನದ ಮರ್ಯಾದೆಗೆ ನಾನು ಚಹಾ ಕುಡಿದು ಸುಮ್ಮನೆ ಎದ್ದು ಬಂದೆ. ಇಲ್ಲಿ ಸುಮ್ಮನಿರಬೇಕಾದ ಅಗತ್ಯವಿಲ್ಲ.

ಸೊಕ್ಕಂತೆ! ಬೆಳಗಿನಿಂದ ಸಂಜೆಯವರೆಗೆ ನೆಲ ಕೆದರಿ, ಹುಳು ಹೆಕ್ಕಿ, ತಿಪ್ಪೆ ತಿರುವಿ ಬದುಕುವುದು ಕೋಳಿಯ ಹುಟ್ಟುಗುಣ. ಕೆದರಲು ಮಣ್ಣೇ ಇಲ್ಲದ ಕಡೆ ಅದನ್ನು ಕೂಡಿಹಾಕಿದರೆ, ಕುಕ್ಕುವ ಚಪಲ ಎಲ್ಲಿಯೂ ಹೋಗುವುದಿಲ್ಲ, ಕಣ್ಣೆದುರಿಗಿರುವ ಮತ್ತೊಂದು ಕೋಳಿಯ ಬೆನ್ನಿಗೆ ತಿರುಗುತ್ತದೆ. ಒಮ್ಮೆ ಕೆಂಪು ಕಂಡಿತೆಂದರೆ ಉಳಿದವುಗಳೂ ಸೇರಿಕೊಳ್ಳುತ್ತವೆ, ನೋಡಿ ಕಲಿಯುವುದರಲ್ಲಿ ಅವು ನಮಗಿಂತ ಚುರುಕು. ಇಷ್ಟಕ್ಕೆಲ್ಲ ಹೊಣೆ ಗೂಡು ಕಟ್ಟಿದವನದು, ಶಿಕ್ಷೆ ಮಾತ್ರ ಚುಂಚಿಗೆ.

ಇನ್ನು ಮೇವಿನ ಮಾತು. ನಮ್ಮ ಸೀಮೆಯಲ್ಲಿ ಗೋವಿನಜೋಳಕ್ಕೆ ಬರವಿಲ್ಲ, ಹೀಗಾಗಿ ಕೋಳಿಗೆ ಮೂರು ಹೊತ್ತೂ ಅದೇ. ಅದರಲ್ಲಿರುವ ಪ್ರೋಟೀನು ಶೇಕಡಾ 8–9ರ ಆಸುಪಾಸು, ಮೊಟ್ಟೆಯಿಡುವ ಹೇಂಟೆಗೆ ಬೇಕಾದದ್ದು 16ರಿಂದ 18. ಪುಕ್ಕವೆಂಬುದು ಬಹುಪಾಲು ಪ್ರೋಟೀನೇ ಆಗಿರುವುದರಿಂದ, ಹೊಟ್ಟೆಗೆ ಸಿಗದದ್ದನ್ನು ಅವು ಪಕ್ಕದವಳ ಮೈಮೇಲೆ ಹುಡುಕುತ್ತವೆ. ಶೇಂಗಾ ಹಿಂಡಿ ಹಾಕುತ್ತೇವಲ್ಲ ಎನ್ನುವವರಿದ್ದಾರೆ. ಹಾಕಿರಿ, ಬೂಸು ಹಿಡಿಯದ್ದನ್ನು ಹಾಕಿರಿ. ಆದರೆ ಪುಕ್ಕ ಬೆಳೆಯಲು ಮುಖ್ಯವಾಗಿ ಬೇಕಾದ ಮೆಥಿಯೋನಿನ್ ಎಂಬ ಅಂಶ ಶೇಂಗಾದಲ್ಲಿ ಕಡಿಮೆ, ಸೂರ್ಯಕಾಂತಿ ಹಿಂಡಿಯಲ್ಲಿ ಮತ್ತು ಒಣಮೀನಿನಲ್ಲಿ ಹೆಚ್ಚು. ಗದಗದ ಸುತ್ತಮುತ್ತ ಸೂರ್ಯಕಾಂತಿ ಬೆಳೆಯುವವರಿಗೂ ಇದನ್ನು ಹೇಳಬೇಕಾಗಿ ಬಂದಿರುವುದು ನನ್ನ ಹಣೆಬರಹ.

ಪುಕ್ಕ ಉದುರಿದ ಕೋಳಿಯೆಲ್ಲ ಕಿತ್ತಿಸಿಕೊಂಡದ್ದೇ ಎಂದೂ ಇಲ್ಲ. ಬೆನ್ನು, ಕುತ್ತಿಗೆಯ ಹಿಂಭಾಗ ಮಾತ್ರ ಸವೆದಿದ್ದರೆ ಅದು ಮೇಲೇರುವ ಹುಂಜದ ಕೆಲಸವಿರಬಹುದು. ಎದೆ ಬೋಳಾಗಿದ್ದರೆ ಹೇಂಟೆ ಕಾವಿಗೆ ಕೂರಲು ತನ್ನ ಪುಕ್ಕವನ್ನು ತಾನೇ ಕಿತ್ತುಕೊಂಡಿರಬಹುದು. ಮೈಯೆಲ್ಲ ಉದುರಿ ಅಲ್ಲಲ್ಲಿ ಹೊಸ ಕಡ್ಡಿಗಳು ಏಳುತ್ತಿದ್ದರೆ ಅದು ವರ್ಷಕ್ಕೊಮ್ಮೆ ಪುಕ್ಕ ಬದಲಿಸುವ ಕಾಲ. ಹೇನಿನ ಗುರುತು ಬೇರೆ: ಕೋಳಿಯನ್ನು ಕಂಕುಳಲ್ಲಿ ತಲೆಕೆಳಗಾಗಿ ಹಿಡಿದು, ಗುದದ್ವಾರದ ಸುತ್ತಲಿನ ಪುಕ್ಕವನ್ನು ಬೆರಳಿನಿಂದ ಬಿಡಿಸಿ ನೋಡಿದರೆ ಹುಲ್ಲಿನ ಬಣ್ಣದ ಹೇನುಗಳು ಬೆಳಕಿಗೆ ಹೆದರಿ ಓಡುತ್ತವೆ, ಪುಕ್ಕದ ಬುಡದಲ್ಲಿ ಸೀರುಗಳು ಬಿಳಿಯ ಗಂಟಾಗಿ ಅಂಟಿಕೊಂಡಿರುತ್ತವೆ. ಇಷ್ಟು ನೋಡಲು ಎರಡು ನಿಮಿಷ ಸಾಕು. ಚುಂಚು ಸುಡಲು ಬ್ಲೇಡು ಕಾಯಿಸುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

"ದೊಡ್ಡ ಫಾರ್ಮಿನವರು ಮಾಡೂದಿಲ್ಲೇನ್ರಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಮಾಡುತ್ತಾರೆ. ಒಂದು ಎ4 ಹಾಳೆಯಷ್ಟು ಜಾಗವನ್ನೂ ಒಂದು ಕೋಳಿಗೆ ಕೊಡದ ಪಂಜರಗಳಲ್ಲಿ ಸಾವಿರಗಟ್ಟಲೆ ಸಾಕುವವರು, ಸಾಮಾನ್ಯವಾಗಿ ಮರಿಗಳು ಇನ್ನೂ ಕೆಲವೇ ದಿನಗಳವಾಗಿರುವಾಗ ಅದನ್ನು ಮಾಡುತ್ತಾರೆ. ಅದೂ ನೋವಿನ ಕೆಲಸವೇ. ಹಿತ್ತಲಿರುವವನು ಅವರ ಲೆಕ್ಕಾಚಾರವನ್ನು ಎರವಲು ತರುವುದೇಕೆ? ಚುಂಚಿನ ತುದಿ ಉಗುರಿನಂತೆ ನಿರ್ಜೀವವಲ್ಲ, ಅದರಲ್ಲಿ ನರವಿದೆ, ರಕ್ತವಿದೆ. ಬೆಳೆದ ಕೋಳಿಯದನ್ನು ಸುಟ್ಟರೆ ಗಾಯ ಮಾಗಿದ ಮೇಲೂ ನೋವು ಉಳಿಯಬಹುದು. ನಾನೇನೂ ಅಹಿಂಸೆಯ ಪೀಠದ ಮೇಲೆ ಕುಳಿತು ಮಾತನಾಡುತ್ತಿಲ್ಲ, ಆದಿತ್ಯವಾರ ನಮ್ಮ ಮನೆಯಲ್ಲಿಯೂ ಕೋಳಿ ಸಾರು ಕುದಿಯುತ್ತದೆ, ಎರಡನೆಯ ಸಲ ಹಾಕಿಸಿಕೊಳ್ಳುವವನು ನಾನೇ. ಆದರೆ ಕೊಯ್ಯುವವರೆಗೂ ಅದನ್ನು ನರಳಿಸಬೇಕೆಂದು ಯಾವ ಸಾರಿಗೂ ನಿಯಮವಿಲ್ಲ.

ಮಾಡಬೇಕಾದದ್ದು ಬಹಳವಿಲ್ಲ. ಗಾಯಗೊಂಡದ್ದನ್ನು ಮೊದಲು ಬೇರೆ ಮಾಡಿ, ಆದರೆ ಉಳಿದವುಗಳ ಕಣ್ಣಿಗೆ ಬೀಳುವಂತೆ ಜಾಳಿಗೆಯ ಆಚೆಗೇ ಇಡಿ, ಇಲ್ಲವಾದರೆ ಮರಳಿ ಬಂದಾಗ ಹೊಸಬಳೆಂದು ಮತ್ತೆ ಮೇಲೆ ಬೀಳುತ್ತವೆ. ಗಾಯಕ್ಕೆ ಪಶುವೈದ್ಯರನ್ನು ಕೇಳಿ ಔಷಧಿ ಹಚ್ಚಿ. ಕಿತ್ತು ತಿನ್ನುವ ಚಟ ಹಿಡಿದ ಒಂದೆರಡು ಹೇಂಟೆಗಳು ಯಾವುವೆಂದು ಗುರುತಿಸಿ, ಬೇಕಾದರೆ ಅವನ್ನೇ ಕೆಲವು ದಿನ ಹೊರಗಿಡಿ. ರಾತ್ರಿಯ ಬಲ್ಬು ಆರಿಸಿ. ಮೊಟ್ಟೆಗೆ ದಿನಕ್ಕೆ 14ರಿಂದ 16 ತಾಸಿನ ಬೆಳಕು ಸಾಕು. ರಾತ್ರಿಯ ಗೂಡಿನಲ್ಲಿ ಒಂದೊಂದಕ್ಕೆ ಸುಮಾರು 4 ಚದರಡಿ, ಹಗಲಿಗೆ ಅದರ ಎರಡು ಪಟ್ಟಿಗಿಂತ ಹೆಚ್ಚು ಬಯಲು ಬೇಕು. ಒಂದು ಮೂಲೆಯಲ್ಲಿ ಒಣ ಮಣ್ಣು, ಒಲೆಯ ಬೂದಿ ಹಾಕಿದರೆ ಹೊರಳಾಡಿ ಹೇನನ್ನೂ ಒಂದಿಷ್ಟು ಕೊಡವಿಕೊಳ್ಳುತ್ತವೆ. ಮೆಂತ್ಯದ ಸಿವುಡನ್ನೋ ಕೋಸಿನ ಹೊರ ಎಲೆಗಳನ್ನೋ ಅವುಗಳ ತಲೆಯೆತ್ತರಕ್ಕೆ ತೂಗುಬಿಡಿ. ಕಾಳನ್ನು ತಟ್ಟೆಯಲ್ಲಿ ಸುರಿಯುವ ಬದಲು ಹೊಟ್ಟಿನಲ್ಲಿ ಎರಚಿ, ಹುಡುಕಿ ತಿನ್ನಲಿ, ಅವುಗಳಿಗೆ ಬೇರೇನು ಉದ್ಯೋಗವಿದೆ?

ಇಷ್ಟಾದ ಮೇಲೂ ಮರುದಿನವೇ ಪುಕ್ಕ ತುಂಬಲಿಲ್ಲವೆಂದು ನನಗೆ ಫೋನು ಮಾಡಬೇಡಿ. ಬುಡಸಹಿತ ಕಿತ್ತುಹೋದ ಪುಕ್ಕ ಕೆಲವು ವಾರಗಳಲ್ಲಿ ಮತ್ತೆ ಬರುತ್ತದೆ. ಅರ್ಧಕ್ಕೆ ಮುರಿದು ಕಡ್ಡಿ ಒಳಗೇ ಉಳಿದಿದ್ದರೆ ಮುಂದಿನ ಪುಕ್ಕ ಬದಲಿಸುವ ಕಾಲದವರೆಗೆ ಕಾಯಲೇಬೇಕು, ಅಲ್ಲಿಯವರೆಗೆ ಅದು ಬೋಳು ಬೆನ್ನಿನಲ್ಲಿಯೇ ಓಡಾಡಿಕೊಂಡಿರಲಿ.