ಹೆಬ್ಬೆರಳಿನ ತೀರ್ಪು

ನಿನ್ನೆ ಸಂಜೆ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿದ್ದ ಕ್ಷೌರದ ಕತ್ತಿಯ ಮೇಲೆ ಇಂದು ಬೆಳಿಗ್ಗೆ ಒಂದು ಹೆಬ್ಬೆರಳು ಮೂಡಿತ್ತು. ಬರಿಯ ಜಿಡ್ಡಿನ ಗುರುತಾಗಿದ್ದರೆ ಬಟ್ಟೆಯಿಂದ ಒರೆಸಿ ಮರೆತುಬಿಡುತ್ತಿದ್ದೆ. ಇದು ತುಕ್ಕಿನಲ್ಲಿಯೇ ಬರೆದ ಗುರುತು. ಸುಳಿ, ಗೆರೆ, ನಡುವೆ ಅಡ್ಡಲಾಗಿ ಹಳೆಯ ಗಾಯದ ಒಂದು ಕಲೆ, ಯಾವುದೂ ಬಿಟ್ಟುಹೋಗಿರಲಿಲ್ಲ. ಬೆರಳಚ್ಚು ತಜ್ಞರ ಕೈಗೆ ಕೊಟ್ಟಿದ್ದರೆ ಅವರಿಗೆ ಭೂತಗನ್ನಡಿಯ ಅಗತ್ಯವೂ ಬೀಳುತ್ತಿರಲಿಲ್ಲ. ನನಗಂತೂ ತಜ್ಞರ ಅಗತ್ಯವೇ ಇರಲಿಲ್ಲ, ಏಕೆಂದರೆ ಆ ಹೆಬ್ಬೆರಳನ್ನು ನಾನು ಚೆನ್ನಾಗಿ ಬಲ್ಲೆ. ಅದು ನಮ್ಮ ಭಾವನವರದು.

ಹಳೆಯ ಮಡಚುವ ಕತ್ತಿಗಳನ್ನು ಮನೆಯಲ್ಲಿ ಕುಳಿತು ಸರಿಪಡಿಸುವವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಎಣ್ಣೆ ಹಚ್ಚಿ ನೆನೆಯಲು ಬಿಟ್ಟು, ಮೇಲಿನ ಕೆಂಪು ತುಕ್ಕನ್ನು ಕೆರೆದು ತೆಗೆದು, ಆಮೇಲೆ ಕಾರ್ಕಿನ ತುಂಡಿಗೆ ಸ್ಯಾಂಡ್‌ಪೇಪರ್ ಸುತ್ತಿಕೊಂಡು, 400ನೇ ನಂಬರಿನಿಂದ ಆರಂಭಿಸಿ 600, 800, 1000 ಎಂದು ಏರುತ್ತ 2000ದವರೆಗೆ ಉಜ್ಜಬೇಕು. ಒಂದು ಕಾಗದ ಬಿಟ್ಟುಹೋದ ಗೀರುಗಳು ಪೂರ್ತಿ ಅಳಿಯುವವರೆಗೆ ಮುಂದಿನ ಕಾಗದವನ್ನು ಮುಟ್ಟುವಂತಿಲ್ಲ. ಗೀರುಗಳಿಗೆ ಮಾತ್ರ ಈ ಶಿಸ್ತು ಗೊತ್ತಿಲ್ಲ. ಎಲ್ಲ ಮುಗಿದು, ಪಾಲಿಶ್ ಹಚ್ಚಿ, ಕತ್ತಿಯನ್ನು ಬೆಳಕಿಗೆ ಹಿಡಿದು ಹೆಮ್ಮೆಪಡುವ ಗಳಿಗೆಗೆ ಸರಿಯಾಗಿ 400ನೇ ನಂಬರಿನ ಗೀರೊಂದು ಎದ್ದು ನಿಂತು ನಮಸ್ಕಾರ ಹೇಳುತ್ತದೆ. ಅಲ್ಲಿಂದ ಮತ್ತೆ ಮೊದಲಿಗೆ.

ಇದನ್ನೆಲ್ಲ ವಿದ್ಯುತ್ ಯಂತ್ರದ ಚಕ್ರಕ್ಕೆ ಹಿಡಿದರೆ ಐದು ನಿಮಿಷದ ಕೆಲಸವಲ್ಲವೇ ಎಂದು ಕೇಳುವವರಿದ್ದಾರೆ. ಕೇಳುವವರಲ್ಲಿ ಭಾವನವರೇ ಮೊದಲಿಗರು. ಈ ಕತ್ತಿಗಳ ಉಕ್ಕನ್ನು ಕೆಂಪಗೆ ಕಾಯಿಸಿ, ತಟ್ಟನೆ ತಣಿಸಿ ಗಡಸುಮಾಡಿ, ಬಳಿಕ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹದಗೊಳಿಸಿರುತ್ತಾರೆ. ಚಕ್ರದ ಉಜ್ಜಾಟಕ್ಕೆ ತೆಳ್ಳನೆಯ ಅಂಚು ಕಣ್ಣು ಮಿಟುಕಿಸುವಷ್ಟರಲ್ಲಿ ಅದಕ್ಕಿಂತ ಹೆಚ್ಚು ಕಾಯುತ್ತದೆ. 300 ಡಿಗ್ರಿಯ ಆಸುಪಾಸಿಗೆ ಬಂದಾಗ ಉಕ್ಕಿನ ಮೈ ನೀಲಿಗೆ ತಿರುಗುತ್ತದೆ, ಹದ ಕೆಟ್ಟು ಮೆತ್ತಗಾಗುತ್ತದೆ, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಇದನ್ನು ನಾನು ಭಾವನವರಿಗೆ ಹಲವು ಬಾರಿ ವಿವರಿಸಿದ್ದೇನೆ. ಅವರು ಪ್ರತಿ ಬಾರಿಯೂ "ಹೌದೇನು!" ಎಂದು ಆಗ ತಾನೇ ಕೇಳಿದವರ ಬೆರಗಿನಿಂದ ಆಲಿಸಿದ್ದಾರೆ.

ಇನ್ನು ಅವರ ಹೆಬ್ಬೆರಳಿನ ಅಭ್ಯಾಸ. ನಮ್ಮ ಮನೆಗೆ ಬಂದರೆ ಅವರು ಕುಳಿತುಕೊಳ್ಳುವುದಕ್ಕಿಂತ ಮೊದಲು ಮೇಜಿನ ಮೇಲೆ ಕಣ್ಣಾಡಿಸುತ್ತಾರೆ. ಕತ್ತಿ ಕಂಡಿತೋ, ಕೈ ತಾನಾಗಿ ಚಾಚುತ್ತದೆ. ಒಂದೇ ಕೈಯಲ್ಲಿ ಅದನ್ನು ಚಟ್ಟನೆ ಬಿಚ್ಚುತ್ತಾರೆ. ಆಮೇಲೆ ಕಣ್ಣು ಮುಚ್ಚಿಕೊಂಡು, ಅಲಗಿನ ಬುಡದಿಂದ ತುದಿಯವರೆಗೆ ಹೆಬ್ಬೆರಳನ್ನು ನಿಧಾನವಾಗಿ ಎಳೆಯುತ್ತಾರೆ. ಅಂಚಿಗೆ ಅಡ್ಡಲಾಗಿ ಮೃದುವಾಗಿ ತಾಗಿಸಿ ನೋಡುವ ಪದ್ಧತಿಯೊಂದಿದೆ, ಅದನ್ನಾದರೂ ಸಹಿಸಬಹುದು; ಇವರದು ಅಂಚಿನ ಉದ್ದಕ್ಕೂ ಸಾಗುವ ಯಾತ್ರೆ. ಬೆರಳು ಕುಯ್ಯದಿದ್ದರೆ ಕಣ್ಣು ತೆರೆದು, "ಹರಿತ ಸಾಲದು ಕಣಯ್ಯಾ" ಎನ್ನುತ್ತಾರೆ. ಕುಯ್ದರೆ ಬೆರಳನ್ನು ಬಾಯಿಗಿಟ್ಟುಕೊಂಡು, "ಹರಿತ ಸ್ವಲ್ಪ ಜಾಸ್ತಿಯಾಯ್ತು" ಎನ್ನುತ್ತಾರೆ. ಇವೆರಡರ ನಡುವೆ ಮೂರನೆಯ ತೀರ್ಪೊಂದು ಇರಬಹುದೆಂದು ನಾನು ಕಾಯುತ್ತಲೇ ಇದ್ದೇನೆ.

ತೀರ್ಪಿನ ಬಳಿಕ ಸಾಕ್ಷ್ಯ ಸಂಗ್ರಹ. ಒಳಗೆ ಗುಳಿಬೀಳುವಂತೆ ತೀರ ತೆಳ್ಳಗೆ ಸಾಣೆ ಹಿಡಿದ ಅಲಗನ್ನು ಉಗುರಿನಿಂದ ತಾಕಿಸಿದರೆ ಸಣ್ಣಗೆ ನಾದ ಬರುತ್ತದೆಂದು ಒಮ್ಮೆ ಬಾಯ್ತಪ್ಪಿ ಹೇಳಿದ್ದೆ. ಅಂದಿನಿಂದ ಅವರು ಪ್ರತಿಯೊಂದು ಕತ್ತಿಯನ್ನೂ ತಂಬೂರಿಯ ಶ್ರುತಿ ನೋಡುವವರ ಹಾಗೆ ಕಿವಿಯ ಹತ್ತಿರ ಹಿಡಿದು ಮೀಟುತ್ತಾರೆ. ಅದಾದ ಮೇಲೆ ಅಂಗಿಯ ತೋಳು ಮೇಲೇರುತ್ತದೆ. ಮುಂಗೈಯ ಕೂದಲು ಬೋಳಿಸಿ ಹರಿತ ಪರೀಕ್ಷಿಸುವುದು ಲೋಕರೂಢಿಯೇ ಆದರೂ ಅವರ ಎಡಗೈಯಲ್ಲಿ ಪರೀಕ್ಷೆಗೆಂದು ಕೂದಲು ಉಳಿದಿಲ್ಲ. ಈಗ ಬಲಗೈಯ ಸರದಿ ನಡೆದಿದೆ. ಇಷ್ಟೆಲ್ಲ ಮಾಡುವ ಮನುಷ್ಯನಿಗೆ ಎದೆಯವರೆಗೆ ಇಳಿದ ಗಡ್ಡವಿದೆ. ಮದುವೆಯಾದಂದಿನಿಂದ ಅದಕ್ಕೆ ಯಾವ ಕತ್ತಿಯೂ ಸೋಕಿಲ್ಲ, ಸೋಕಿಸುವ ಉದ್ದೇಶವೂ ಅವರಿಗಿಲ್ಲ. ಕೊನೆಯಲ್ಲಿ ಕತ್ತಿಯನ್ನು ಬಿಚ್ಚಿದ ವೇಗದಲ್ಲಿಯೇ ಮಡಚುತ್ತಾರೆ. ಅಲಗು ಓರೆಯಾಗಿ ಹಿಡಿಯ ಒಳಬದಿಗೆ ತಾಗಿ ಸಣ್ಣದೊಂದು ಸದ್ದಾಗುತ್ತದೆ. ಅವರಿಗೆ ಅದು ಕೇಳಿಸುವುದಿಲ್ಲ, ನನಗೆ ರಾತ್ರಿಯಿಡೀ ಕೇಳಿಸುತ್ತಿರುತ್ತದೆ.

ಒಂದು ಬೆರಳು ತಾಗಿದ್ದಕ್ಕೆ ಇಷ್ಟು ರಾದ್ಧಾಂತವೇ ಎಂದು ನನ್ನಾಕೆಯೂ ಕೇಳಿದ್ದಾಳೆ. ಅಂಚಿನ ತುತ್ತತುದಿಯ ದಪ್ಪ ಒಂದು ಮೈಕ್ರಾನ್‌ಗಿಂತಲೂ ಕಡಿಮೆ ಇರುತ್ತದೆ, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲೂ ಇಲ್ಲ. ಅದರ ಮೇಲೆ ಬೆವರಿನ ಉಪ್ಪು ಮತ್ತು ತೇವ ಕೂತರೆ ಒಂದು ರಾತ್ರಿ ಧಾರಾಳವಾಗಿ ಸಾಕು. ಹಳೆಯ ಕತ್ತಿಗಳು ಇಂಗಾಲ ಹೆಚ್ಚಿರುವ ಉಕ್ಕಿನವು. ತುಕ್ಕನ್ನು ತಡೆಯುವ ಕ್ರೋಮಿಯಂ ಅವುಗಳಲ್ಲಿ ಇಲ್ಲವೆಂದೇ ಹೇಳಬೇಕು. ಕ್ರೋಮಿಯಂ ಬೆರೆಸಿದ, ತುಕ್ಕು ಹಿಡಿಯದ ಉಕ್ಕನ್ನು ಹ್ಯಾರಿ ಬ್ರಿಯರ್ಲಿ ಎಂಬಾತ 1913ರಲ್ಲಿ ಸಿದ್ಧಪಡಿಸಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ಎಂದರೆ ಅಷ್ಟು ಕಾಲವೂ ಲೋಕಕ್ಕೆಲ್ಲ ತುಕ್ಕು ಹಿಡಿಯುವ ಕತ್ತಿಗಳನ್ನು ಕಳುಹಿಸುತ್ತಿದ್ದ ಊರಿನಲ್ಲಿಯೇ. ನನ್ನ ಕೈಯಲ್ಲಿರುವ ಕತ್ತಿ ಆ ಮೊದಲೇ ಅಲ್ಲಿಂದ ಹೊರಟುಬಿಟ್ಟಿತ್ತೆಂದು ತೋರುತ್ತದೆ.

ಹಾಗೆ ತೋರುವುದಕ್ಕೆ ಕಾರಣವೂ ಉಂಟು. ಅಮೆರಿಕದ 1890ರ ಸುಂಕದ ಕಾನೂನು ಅಲ್ಲಿಗೆ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ವಿಧಿಸಿತು; ಅದು 1891ರಲ್ಲಿ ಜಾರಿಗೆ ಬಂದ ಮೇಲೆ ಕತ್ತಿಗಳ ಬುಡದಲ್ಲಿ ಊರಿನ ಹೆಸರಿನ ಜತೆಗೆ ದೇಶದ ಹೆಸರೂ ಕಾಣಿಸಿಕೊಳ್ಳತೊಡಗಿತು. ನನ್ನದರ ಮೇಲೆ ಶೆಫೀಲ್ಡ್ ಎಂದಷ್ಟೇ ಇದೆ. ಇದು ಖಚಿತ ಪುರಾವೆಯಲ್ಲ, ಆದರೂ ತುಕ್ಕಿನ ಕೆಳಗಿನಿಂದ ಆ ಅಕ್ಷರಗಳು ಒಂದೊಂದಾಗಿ ಹೊರಬರುತ್ತಿದ್ದಾಗ ಉಜ್ಜುವ ಕೈ ತಾನಾಗಿಯೇ ಹಗುರವಾಯಿತು. ಶೆಫೀಲ್ಡ್‌ನಲ್ಲಿ ಸಾಣೆಚಕ್ರದ ಮುಂದೆ ಬಗ್ಗಿ ಕುಳಿತು ದುಡಿದವರ ಎದೆಗೆ ಕಲ್ಲಿನ ಮತ್ತು ಉಕ್ಕಿನ ಪುಡಿ ಸೇರಿ, ಎಷ್ಟೋ ಜನ ನಡುವಯಸ್ಸನ್ನೂ ಕಾಣದೆ ಉಸಿರಾಟದ ರೋಗದಿಂದ ಸತ್ತರು. ಯಾರದೋ ಬೆರಳುಗಳು ಈ ಅಲಗಿನ ಎರಡು ಮೈಗಳನ್ನೂ ಒಂದೇ ಸಮನಾಗಿ ಹಿಡಿದುಕೊಂಡಿದ್ದುವು. ಆಮೇಲೆ ಇನ್ನು ಯಾರೋ ಇದರಿಂದ ವರ್ಷಗಟ್ಟಲೆ ಕ್ಷೌರ ಮಾಡಿಕೊಂಡರು. ಮಸೆದು ಮಸೆದು ತುದಿಯ ಕಡೆಗೆ ಅಲಗು ಕಿರಿದಾಗಿದೆ, ಬೆನ್ನು ಸವೆದು ಚಪ್ಪಟೆಯಾಗಿದೆ. ಆ ಸವೆತವನ್ನು ಸರಿಪಡಿಸಲು ನನಗೆ ಮನಸ್ಸಾಗಲಿಲ್ಲ. ಒಬ್ಬ ಮನುಷ್ಯನ ಕೈಯ ರೂಢಿ ಅದರಲ್ಲಿ ಉಳಿದಿದೆ, ಅವನ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಬೆರಳಚ್ಚನ್ನೇ ಬಿಡುವುದಿದ್ದರೆ ಆ ಪುಣ್ಯಾತ್ಮ ಬಿಟ್ಟುಹೋಗಬಾರದಿತ್ತೇ? ಬಿಟ್ಟದ್ದು ನಮ್ಮ ಭಾವ.

ಉಪಾಯಗಳನ್ನು ಮಾಡದೆ ಇಲ್ಲ. ಕತ್ತಿಯನ್ನು ಪೆಟ್ಟಿಗೆಯೊಳಗಿಟ್ಟೆ, "ಏನಿದೆ ಇದರಲ್ಲಿ?" ಎಂದು ತೆಗೆದರು. ಭಾವ, ದಯವಿಟ್ಟು ಅಂಚನ್ನು ಮುಟ್ಟಬೇಡಿ ಎಂದು ಬಾಯಿಬಿಟ್ಟು ಕೇಳಿಕೊಂಡೆ. "ಛೇ, ಮುಟ್ಟುತ್ತೇನೆಯೇ" ಎನ್ನುತ್ತ ಹೆಬ್ಬೆರಳನ್ನು ಎಳೆದರು. ಕಡೆಗೆ ಬಾಯಿ ಮುರಿದು ಯಾವ ಕೆಲಸಕ್ಕೂ ಬಾರದ ಕತ್ತಿಯೊಂದನ್ನು ಚೆನ್ನಾಗಿ ಹೊಳೆಯಿಸಿ, ಬೇಕೆಂದೇ ಮೇಜಿನ ಮೇಲೆ ಅವರ ಕಣ್ಣಿಗೆ ಬೀಳುವಂತಿಟ್ಟೆ. ಅದನ್ನು ಅವರು ದೂರದಿಂದಲೇ ನೋಡಿ, "ಅದರಲ್ಲಿ ಏನೂ ಇಲ್ಲ ಬಿಡು" ಎಂದರು. ಅವರ ತಿಳಿವಳಿಕೆಯ ಬಗ್ಗೆ ನನಗೆ ಗೌರವ ಮೂಡಿದ ಏಕೈಕ ಸಂದರ್ಭ ಅದು.

ಇಂದು ಬೆಳಿಗ್ಗೆ ಬೆರಳಚ್ಚನ್ನು ಉಜ್ಜಿ ಉಜ್ಜಿ ತೆಗೆದೆ. ಅಂಚಿನ ಮೇಲೆ ತುಕ್ಕು ತಿಂದ ಸಣ್ಣ ಚುಕ್ಕೆಗಳಿದ್ದುದರಿಂದ ಮತ್ತೆ 1000ದ ಕಲ್ಲಿನಿಂದ ಮಸೆಯತೊಡಗಿದೆ. ಬೆನ್ನು ಮತ್ತು ಅಂಚು ಎರಡೂ ಕಲ್ಲಿಗೆ ಒಟ್ಟಿಗೆ ತಾಗಿರಬೇಕು, ಅಂಚನ್ನು ಮುಂದಿಟ್ಟುಕೊಂಡು ಸಾಗಬೇಕು, ತಿರುಗಿಸುವಾಗ ಬೆನ್ನಿನ ಮೇಲೆಯೇ ಹೊರಳಿಸಬೇಕು. ಚರ್ಮದ ಪಟ್ಟಿಯ ಮೇಲಾದರೆ ಇದು ತಿರುವುಮುರುವು, ಅಲ್ಲಿ ಬೆನ್ನು ಮುಂದೆ, ಅಂಚು ಹಿಂದೆ. ಮರೆತು ಅಂಚನ್ನು ಮುಂದೆಮಾಡಿದವರ ಪಟ್ಟಿಗಳನ್ನು ನೋಡಿದರೆ ಗೊತ್ತಾಗುತ್ತದೆ. ಕಲ್ಲುಗಳನ್ನು ದಾಟಿ 8000ಕ್ಕೆ ಬರುವ ವೇಳೆಗೆ ಮಧ್ಯಾಹ್ನವಾಗಿತ್ತು. ತಲೆಯಿಂದ ಒಂದು ಕೂದಲು ಕಿತ್ತು, ತೂಗುಹಾಕಿದಂತೆ ಹಿಡಿದು ಅಂಚಿಗೆ ಮುಟ್ಟಿಸಿದೆ. ಸದ್ದಿಲ್ಲದೆ ಎರಡಾಗಿ ಬಿತ್ತು. ಈ ಪರೀಕ್ಷೆಯನ್ನು ಭಾವನವರಿಗೆ ಇನ್ನೂ ತೋರಿಸಿಕೊಟ್ಟಿಲ್ಲ. ಮುಂಗೈ ಮುಗಿದ ಮೇಲೆ ಗಡ್ಡಕ್ಕೆ ಹೇಗೂ ಕೈಹಾಕಬೇಕಾಗುತ್ತದೆ, ಆಗ ಹೇಳಿದರಾಯಿತು.

ಕತ್ತಿಗೆ ಎಣ್ಣೆ ಸವರಿ ಒಳಗಿಡುತ್ತಿದ್ದಾಗ ಅವರದೇ ಕರೆ ಬಂತು. ಅಟ್ಟ ಗುಡಿಸುವಾಗ ಅವರ ಅಜ್ಜನ ಕ್ಷೌರದ ಕತ್ತಿ ಸಿಕ್ಕಿದೆಯಂತೆ. ಅಜ್ಜ ಅದನ್ನು ಹಿಡಿದು ಕನ್ನಡಿಯ ಮುಂದೆ ನಿಂತರೆ ಮಕ್ಕಳಿಗೆ ಉಸಿರಾಡಲೂ ಭಯವಾಗುತ್ತಿತ್ತಂತೆ. ಹೇಳುತ್ತ ಅವರ ದನಿ ಗದ್ಗದವಾಯಿತು, ಕೇಳುತ್ತ ನನ್ನ ಸಿಟ್ಟೂ ಇಳಿಯಿತು. ಇಂದೇ ತನ್ನಿ ಭಾವ, ನಾನೇ ಸರಿಮಾಡಿಕೊಡುತ್ತೇನೆ ಎಂದೆ.

"ನಿನಗೆ ಯಾಕಯ್ಯಾ ತೊಂದರೆ" ಎಂದರು ಭಾವ. "ಪಕ್ಕದ ಮನೆಯವರ ಡ್ರಿಲ್ಲಿಗೆ ಚಕ್ರ ಸಿಕ್ಕಿಸಿ ಐದು ನಿಮಿಷದಲ್ಲಿ ನಾನೇ ಮುಗಿಸಿಬಿಟ್ಟೆ. ಎಷ್ಟು ಚೆಂದದ ನೀಲಿ ಬಣ್ಣ ಬಂದಿದೆ ಅಂತೀಯ, ಅಂಚಿನ ಉದ್ದಕ್ಕೂ!"

ಇನ್ನು ಆ ಕತ್ತಿಯ ಮೇಲೆ ಅವರು ನಿಶ್ಚಿಂತೆಯಿಂದ ಹೆಬ್ಬೆರಳು ಆಡಿಸಬಹುದು.